ಹಿತ್ತಲ ಕಲ್ಲಿನಲ್ಲಿ 'ನಿಧಿ' ಅಂತ ಬರೆದಿದೆ, ಮನೆಯೊಳಗೆ ಅಗೆಯಬಹುದಾ?

ಪ್ರಶ್ನೆ: ಸರ್, ನಮ್ಮದು ಕೊಪ್ಪಳ ಜಿಲ್ಲೆ, ಕನಕಗಿರಿ ಕಡೆಯ ಹಳ್ಳಿ. ಹಳೆಯ ಮಣ್ಣಿನ ಮಾಳಿಗೆ ಮನೆ. ನಿಜಾಮರ ಪರದ ರಜಾಕಾರರ ಗಲಾಟೆ ಕಾಲದಲ್ಲಿ ನಮ್ಮ ಯಜಮಾನರ ಅಜ್ಜ ಒಂದು ತಂಬಿಗೆ ಬೆಳ್ಳಿ ರೂಪಾಯಿ ಮನೆಯೊಳಗೆ ಹೂತಿಟ್ಟು ಹೊಳೆ ದಾಟಿ ಹೋಗಿದ್ದರಂತೆ. ಗಲಾಟೆ ತಣ್ಣಗಾದ ಮೇಲೆ ವಾಪಸ್ ಬಂದು ಜೋಡಿ ಎತ್ತು ಕೊಂಡರು, ಎರಡು ಎಕರೆ ಎರೆಹೊಲ ಮಾಡಿದರು ಅಂತ ಅತ್ತೆ ಹೇಳುತ್ತಾರೆ. ಹೂತಿಟ್ಟ ಹಣ ತೆಗೆದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪಡಸಾಲೆಯ ಒಂದು ಮೂಲೆಯಲ್ಲಿ ಒನಕೆ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಹಿತ್ತಲಲ್ಲಿ ಅಕ್ಷರ ಇರುವ ಒಂದು ಕಲ್ಲಿದೆ. ಮೇಲೆ ಸೂರ್ಯ, ಚಂದ್ರ, ಲಿಂಗ, ಆಕಳು-ಕರು ಕೆತ್ತಿದ್ದಾರೆ. ಮೈದುನ ಒಬ್ಬರನ್ನು ಕರೆದುಕೊಂಡು ಬಂದ. ಅವರು ಕಲ್ಲು ಓದಿ, 'ನಿಧಿ ನಿಕ್ಷೇಪ ಅಂತ ಸ್ಪಷ್ಟ ಬರೆದಿದೆ, ಏಳು ಕೊಪ್ಪರಿಗೆ ಇದೆ, ಸರ್ಪ ಕಾಯುತ್ತಿದೆ' ಅಂದರು. ಅಂಜನ ಹಾಕಿಯೂ ನೋಡಿದರು. ಪೂಜೆಗೆ ಒಂದೂವರೆ ಲಕ್ಷ ಕೇಳಿದ್ದಾರೆ. ಮೈದುನ ಆಗಲೇ 20,000 ಫೋನಿನಲ್ಲಿ ಕಳಿಸಿದ್ದಾನೆ. ಬರುವ ಅಮಾವಾಸ್ಯೆ ರಾತ್ರಿ ಅಗೆಯಬೇಕಂತೆ. ನನ್ನ ಮಗನಿಗೆ 9 ವರ್ಷ, ಕಾಲು ಮುಂದಾಗಿ ಹುಟ್ಟಿದವನು. ಅವನನ್ನು ಪೂಜೆಗೆ ಕೂರಿಸಬೇಕು ಅನ್ನುತ್ತಾರೆ. ತೆಗೆಯದೇ ಬಿಟ್ಟರೆ ಮನೆಗೆ ಕೇಡು ಅಂತ ಅತ್ತೆಗೆ ಭಯ ಹುಟ್ಟಿಸಿದ್ದಾರೆ. ನಿಜವಾಗಿ ಏನಾದರೂ ಇರಬಹುದಾ? ನಾವೇ ಅಗೆದು ನೋಡಬಹುದಾ? ಸಿಕ್ಕರೆ ಅದು ಯಾರದು? ಕಲ್ಲಿನ ಫೋಟೋ ಕಳಿಸಿದ್ದೇನೆ. ಹೆಸರು ಹಾಕಬೇಡಿ.

ಉತ್ತರ: ತಾಯಿ, ಮೊದಲು ಮಗನ ವಿಷಯ. ಮಿಕ್ಕಿದ್ದೆಲ್ಲ ಆಮೇಲೆ.

ಅವನನ್ನು ಆ ಪೂಜೆಗೆ ಕೂರಿಸಬೇಡಿ. ಅಮಾವಾಸ್ಯೆ ದಿನ ಅವನು ಆ ಮನೆಯಲ್ಲಿ ಇರುವುದೇ ಬೇಡ, ತವರಿಗೆ ಕರೆದುಕೊಂಡು ಹೋಗಿ. ಹೊಟ್ಟೆಯಲ್ಲಿ ಮಗು ತಲೆ ಕೆಳಗಾಗಿ ತಿರುಗದೇ ಇದ್ದರೆ ಕಾಲೋ ಕುಂಡೆಯೋ ಮುಂದಾಗಿ ಬರುತ್ತದೆ. ದಿನ ತುಂಬಿದ ಹೆರಿಗೆಗಳಲ್ಲಿ ನೂರಕ್ಕೆ ಮೂರ್ನಾಲ್ಕು ಮಕ್ಕಳು ಹೀಗೆ ಇರುತ್ತವೆ. ಅದಕ್ಕೂ ನೆಲದೊಳಗಿನದು ಕಾಣುವುದಕ್ಕೂ ಏನೇನೂ ಸಂಬಂಧ ಇಲ್ಲ. ಕಾಲು ಮುಂದಾಗಿ ಹುಟ್ಟಿದವರಿಗೆ ನಿಧಿ ಕಾಣುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಹಳೆಯದು, ನಿಮ್ಮ ಅತ್ತೆಯವರೂ ಕೇಳಿರುತ್ತಾರೆ. ಆದರೆ ರಾತ್ರಿ ಹೊತ್ತು, ಗುಂಡಿ ಪಕ್ಕದಲ್ಲಿ, ಗುರುತಿಲ್ಲದ ಜನರ ನಡುವೆ ಒಂದು ಮಗುವನ್ನು ಕೂರಿಸಿ ಅನ್ನುವವರನ್ನು ಒಳಗೇ ಬಿಟ್ಟುಕೊಳ್ಳಬಾರದು. ನಿಧಿಯ ಹುಚ್ಚಿನಲ್ಲಿ ಮಕ್ಕಳ ಜೀವಕ್ಕೆ ಕುತ್ತು ಬಂದದ್ದು ನಮ್ಮ ದೇಶದಲ್ಲಿ ಒಂದು ಸಲ ಎರಡು ಸಲ ಅಲ್ಲ.

ಇದಕ್ಕೆ ಕಾನೂನೇ ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು, 2020ರಿಂದ ಅದು ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿ ನಿಧಿ ಹುಡುಕಲು ಮಾಡುವ ವಾಮಾಚಾರವನ್ನು ಹೆಸರಿಸಿಯೇ ಬರೆದಿದ್ದಾರೆ. ಶಿಕ್ಷೆ 1 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಮನೆದೇವರ ಪೂಜೆ, ಜಾತ್ರೆ, ಹರಕೆ ಯಾವುದಕ್ಕೂ ಈ ಕಾಯ್ದೆ ಅಡ್ಡ ಬರುವುದಿಲ್ಲ, ಅತ್ತೆಗೆ ಇದನ್ನು ಬಿಡಿಸಿ ಹೇಳಿ. ಮನೆಯವರು ನಿಮ್ಮ ಮಾತು ಕೇಳದೇ ಇದ್ದರೆ ಅಮಾವಾಸ್ಯೆಗೆ ಮುಂಚೆಯೇ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹೊತ್ತಲ್ಲದ ಹೊತ್ತಲ್ಲೂ ಎತ್ತುತ್ತಾರೆ. ಅವತ್ತೇ ಜನ ಬಂದು ನಿಂತರೆ 112.

ಈಗ ಕಲ್ಲು. ಶಾಸನ ಓದುವುದು ನನ್ನ ಕಸುಬು, ಹಾಗಾಗಿ ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ನೀವು ಕಳಿಸಿದ ಫೋಟೋದಲ್ಲಿ ಮೇಲಿನ ಕೆಲವು ಸಾಲು ಓದಲು ಬರುತ್ತವೆ. ಕೆಳಗಿನ ಭಾಗಕ್ಕೆ ಯಾರೋ ಸುಣ್ಣ ಬಳಿದಿದ್ದಾರೆ. ಅಕ್ಷರದ ರೂಪ ನೋಡಿದರೆ ವಿಜಯನಗರದ ಕಾಲದ್ದು. ನಿಮ್ಮ ಮೈದುನ ಕರೆದುಕೊಂಡು ಬಂದವರು ಓದಿದ ಎರಡು ಪದ ಕಲ್ಲಿನಲ್ಲಿ ಇರುವುದು ನಿಜ. ಆದರೆ ಅವರು ಅಲ್ಲಿಗೇ ನಿಲ್ಲಿಸಿದ್ದಾರೆ. ಸಾಲು ಮುಂದಕ್ಕೆ ಹೋಗುತ್ತದೆ: 'ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ'. ಇದು ಆ ಕಾಲದ ಭೂದಾನದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಅಷ್ಟಭೋಗ ಅಂತ ಇದಕ್ಕೆ ಹೆಸರು. ಭೂಮಿ ದಾನ ಪಡೆದವರಿಗೆ ಅದರ ಮೇಲೆ ಎಂಟು ಬಗೆಯ ಹಕ್ಕು ಇರುತ್ತಿತ್ತು. ಮುಂದೆ ಯಾವತ್ತಾದರೂ ಹೂತಿಟ್ಟ ಸಂಪತ್ತು ಸಿಕ್ಕರೆ ಅದು, ಯಾರಾದರೂ ಇಟ್ಟುಹೋದ ಸ್ವತ್ತು, ಅಲ್ಲಿನ ನೀರು, ಕಲ್ಲು, ಸವೆಯದೇ ಉಳಿಯುವ ಲಾಭ, ಮುಂದೆ ಬರುವ ಹುಟ್ಟುವಳಿ, ಈಗ ಸಾಗುವಳಿಯಲ್ಲಿ ಇರುವುದು, ಇನ್ನು ಮುಂದೆ ಸಾಗುವಳಿ ಮಾಡಬಹುದಾದದ್ದು, ಎಲ್ಲವೂ ನಿಮಗೇ ಸೇರಿದ್ದು ಅಂತ ದಾನ ಕೊಟ್ಟವರು ಬರೆಸುತ್ತಿದ್ದರು. ಈಗಿನ ಖರೀದಿ ಪತ್ರದಲ್ಲಿ 'ಗಿಡ, ಮರ, ಬಾವಿ, ಕಲ್ಲು, ದಾರಿ ಸಮೇತ' ಅಂತ ಬರೆಯುತ್ತಾರಲ್ಲ, ಹಾಗೆಯೇ ಇದು. ಬಾವಿ ಅಂತ ಬರೆದ ಮಾತ್ರಕ್ಕೆ ಹೊಲದಲ್ಲಿ ಬಾವಿ ಇರಲೇಬೇಕು ಅಂತ ಏನಿಲ್ಲ.

ಮೇಲೆ ಕೆತ್ತಿದ ಚಿತ್ರಗಳದ್ದೂ ಇದೇ ಕಥೆ. ಸೂರ್ಯ-ಚಂದ್ರ ಇರುವವರೆಗೂ ಈ ದಾನ ನಡೆಯಲಿ ಅಂತ ಅವೆರಡನ್ನು ಕೆತ್ತಿರುತ್ತಾರೆ. ಲಿಂಗ ಇದ್ದರೆ ಸಾಮಾನ್ಯವಾಗಿ ಶಿವನ ಗುಡಿಗೆ ಬಿಟ್ಟ ಭೂಮಿ. ಆಕಳು-ಕರು ದಾನದ ಕಲ್ಲುಗಳ ಮೇಲೆ ಮಾಮೂಲು. ಬರೀ ಲಿಂಗ ಕೆತ್ತಿದ ಕಲ್ಲು ಹೊಲದ ಬದುವಿನಲ್ಲಿ ನಿಂತಿದ್ದರೆ ಅದು ಗುಡಿಯ ಜಮೀನಿನ ಗಡಿಕಲ್ಲು. ನಿಧಿ ಹುಡುಕುವವರು ಇವನ್ನೆಲ್ಲ ಗುರುತಿನ ಕಲ್ಲು ಅಂತ ತಿಳಿದು ಬುಡ ಅಗೆಯುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಹೀಗೆ ಉರುಳಿ ಬಿದ್ದ ವೀರಗಲ್ಲು, ಮಾಸ್ತಿಗಲ್ಲು, ಒಡೆದ ಶಾಸನ ನೋಡಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಒಂದೂರಿನ ಕೆರೆ ಕಟ್ಟಿಸಿದವರ ಹೆಸರು, ದನ ಕಾಯಲು ಹೋಗಿ ಸತ್ತ ಹುಡುಗನ ಹೆಸರು ಆ ಕಲ್ಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ.

ನಿಮ್ಮ ನೆರೆಯ ರಾಯಚೂರಿನ ಮಸ್ಕಿಯದ್ದೇ ಒಂದು ಸಂಗತಿ ಹೇಳುತ್ತೇನೆ, ಮೈದುನನಿಗೂ ಹೇಳಿ. 1915ರಲ್ಲಿ ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್ ಬಂಗಾರದ ಅದಿರು ಹುಡುಕುತ್ತಾ ಅಲ್ಲಿ ಓಡಾಡುತ್ತಿದ್ದರು. ಆಗ ಒಂದು ಬಂಡೆಯ ಮೇಲೆ ಅಕ್ಷರ ಕಂಡವು. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನುವಂಥ ಬಿರುದು ಮಾತ್ರ ಇತ್ತು, ಅಶೋಕ ಅನ್ನುವ ಹೆಸರು ಮೊದಲ ಸಲ ಸಿಕ್ಕಿದ್ದು ಮಸ್ಕಿಯ ಬಂಡೆಯಲ್ಲಿ. ಅವರು ಅದನ್ನು ಒಡೆದು ಅದಿರು ನೋಡಲಿಲ್ಲ, ತಿಳಿದವರಿಗೆ ತಿಳಿಸಿದರು. ನಮ್ಮ ಸೀಮೆಯ ನಿಜವಾದ ಬಂಗಾರ ಇರುವುದು ಹಟ್ಟಿಯಂಥ ಕಡೆ ಬಂಡೆಯ ಒಳಗೆ. ಅದನ್ನು ತೆಗೆಯಲು ಭೂಮಿಯ ಆಳಕ್ಕೆ ಇಳಿದು, ಟನ್‌ಗಟ್ಟಲೆ ಕಲ್ಲು ಪುಡಿ ಮಾಡಬೇಕು. ಆಗ ಸಿಗುವುದು ಟನ್ನಿಗೆ ಕೆಲವೇ ಗ್ರಾಂ.

ಹಾಗಾದರೆ ನಮ್ಮ ಕಡೆ ನಿಧಿಯ ಕಥೆ ಇಷ್ಟೊಂದು ಯಾಕೆ? ಬರೀ ಸುಳ್ಳಿನಿಂದ ಹುಟ್ಟಿದ್ದಲ್ಲ. 1520ರ ಆಸುಪಾಸು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯಸ್ ಒಂದು ಮಾತು ಬರೆದಿಟ್ಟಿದ್ದಾನೆ. ಅರಸ ತೀರಿಕೊಂಡ ಮೇಲೆ ಅವನ ಖಜಾನೆಗೆ ಬೀಗ ಹಾಕಿ ಮುದ್ರೆ ಒತ್ತಿ ಇಡುತ್ತಾರೆ, ಮುಂದಿನವರು ತೀರಾ ಕಷ್ಟ ಬಂದರೆ ಮಾತ್ರ ತೆರೆಯುತ್ತಾರೆ ಅಂತ. ಆಮೇಲೆ 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಹತ್ತಿರದ ಯುದ್ಧದಲ್ಲಿ ವಿಜಯನಗರಕ್ಕೆ ಸೋಲಾಯಿತು. ವಿಜಯನಗರದ ದಂಡು ನಡೆಸಿದ್ದ ರಾಮರಾಯನ ತಮ್ಮ ತಿರುಮಲ ಆನೆಗಳ ಮೇಲೆ ಸಂಪತ್ತು ಹೇರಿಕೊಂಡು ಪೆನುಕೊಂಡೆಗೆ ಹೋದ. ಆನೆ 550 ಅನ್ನುತ್ತವೆ ಹಳೆಯ ಬರಹಗಳು. ಅದರಲ್ಲಿ ಒಂದೆರಡು ಆನೆ ದಾರಿ ತಪ್ಪಿರಬಹುದು, ಒಂದಿಷ್ಟು ಗುಡ್ಡದಲ್ಲಿ ಹೂತಿರಬಹುದು ಅಂತ ಜನ ಅಂದುಕೊಂಡರು, ಆನೆಗೊಂದಿಯಿಂದ ಕನಕಗಿರಿಯವರೆಗೆ ಪ್ರತಿ ಊರಿಗೂ ಒಂದೊಂದು ಕೊಪ್ಪರಿಗೆಯ ಕಥೆ ಬಂತು. ಆದರೆ ಅದೇ ಬರಹಗಳು ಹೇಳುವ ಇನ್ನೊಂದು ಸಂಗತಿ ಯಾರೂ ನೆನಪಿಡುವುದಿಲ್ಲ. ಗೆದ್ದ ಸೈನ್ಯದವರು ತಿಂಗಳುಗಟ್ಟಲೆ ವಿಜಯನಗರ ಪಟ್ಟಣದಲ್ಲೇ ಇದ್ದು, ಅಗೆದು, ಒಡೆದು ಹುಡುಕಿದರು. ಆಮೇಲೂ ನಾಲ್ಕೂವರೆ ಶತಮಾನ ಜನ ಅದೇ ಕೆಲಸ ಮಾಡುತ್ತಲೇ ಬಂದಿದ್ದಾರೆ.

ಅರಸರದ್ದು ಹೋಗಲಿ, ಸಾಮಾನ್ಯ ಜನವೂ ಹಣ ಹೂಳುತ್ತಿದ್ದರು, ಇದು ಪೂರ್ತಿ ನಿಜ. ಬ್ಯಾಂಕ್ ಇರಲಿಲ್ಲ. ದಂಡು ಬರುತ್ತಿತ್ತು, ಬರ ಬರುತ್ತಿತ್ತು, ಪಾಳೆಯಗಾರರ ಜಗಳ ಬೇರೆ. ನಿಮ್ಮ ಅಜ್ಜನವರ ಕಥೆಯನ್ನು ನಾನು ನಂಬುತ್ತೇನೆ. 1947-48ರಲ್ಲಿ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆ ದಾಟಿದರೆ ಬದುಕಿದಂತೆ ಅಂತ ಸಾವಿರಾರು ಕುಟುಂಬ ದಾಟಿದವು. ಒಲೆಯ ಕೆಳಗೆ, ದನದ ಕೊಟ್ಟಿಗೆಯಲ್ಲಿ, ಜೋಳ ತುಂಬಿಡುವ ಹಗೇವಿನಲ್ಲಿ ಬೆಳ್ಳಿ ಇಟ್ಟು ಹೋದರು.

ಆದರೆ ಒಂದು ಯೋಚಿಸಿ. ಹಾಗೆ ಹೂತಿಟ್ಟವರು ಬದುಕಿ ವಾಪಸ್ ಬಂದರೆ ಮಾಡುವ ಮೊದಲ ಕೆಲಸ ಯಾವುದು? ಅದನ್ನು ತೆಗೆಯುವುದು, ಅಲ್ವಾ? ನೆಲದೊಳಗೆ ಉಳಿಯುವುದು ಹೂತವರು ತಿರುಗಿ ಬರದೇ ಹೋದಾಗ ಮಾತ್ರ. ನಿಮ್ಮ ಅಜ್ಜ ಬಂದರು. ಎಲ್ಲ ಬಿಟ್ಟು ಓಡಿಹೋಗಿ ಬರಿಗೈಯಲ್ಲಿ ಬಂದ ಮನುಷ್ಯ ಜೋಡಿ ಎತ್ತು, ಎರಡು ಎಕರೆ ಎರೆಹೊಲ ಎಲ್ಲಿಂದ ತಂದರು? ಇನ್ನೊಂದು ವಿಷಯ. ಆಗ ನಿಮ್ಮ ಕಡೆ ಓಡುತ್ತಿದ್ದದ್ದು ಹಾಲಿ ಸಿಕ್ಕಾ, ಅಂದರೆ ಚಾರ್‌ಮಿನಾರ್ ಚಿತ್ರ ಇರುವ ನಿಜಾಮರ ರೂಪಾಯಿ. 1950ರ ದಶಕದಲ್ಲಿ ಅದು ಚಲಾವಣೆಯಿಂದ ಹೋಯಿತು. ಅಂಥ ರೂಪಾಯಿ ಇಟ್ಟುಕೊಂಡಿದ್ದವರು ಆಗ ಅದನ್ನು ಬದಲಾಯಿಸಲೇಬೇಕಾಯಿತು, ಇಲ್ಲವೇ ಬೆಳ್ಳಿ ಲೆಕ್ಕದಲ್ಲಿ ಮಾರಬೇಕಾಯಿತು. ಆ ತಂಬಿಗೆ ಈಗ ನಿಮ್ಮ ಎರೆಹೊಲದ ರೂಪದಲ್ಲಿದೆ ಅಂತಲೇ ನನ್ನ ಲೆಕ್ಕ.

ಟೊಳ್ಳು ಸದ್ದಿಗೂ ನಿಮ್ಮ ಕಡೆ ಬಹಳ ಸಾಮಾನ್ಯವಾದ ಕಾರಣ ಒಂದಿದೆ: ಹಗೇವು. ಜೋಳ ತುಂಬಿಡಲು ಪಡಸಾಲೆಯಲ್ಲಿ, ಮನೆ ಮುಂದಿನ ಅಂಗಳದಲ್ಲಿ ನೆಲದೊಳಗೆ ತೋಡುತ್ತಿದ್ದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಕಾಳು ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಚೀಲದಲ್ಲಿ ಕಾಳು ಇಡುವುದು ಬಂದ ಮೇಲೆ ಹಗೇವು ಬಿಟ್ಟರು, ಮೇಲೆ ನೆಲ ಸಾರಿಸಿದರು, ಮೊಮ್ಮಕ್ಕಳಿಗೆ ಅಲ್ಲಿ ಏನಿತ್ತು ಅಂತ ಗೊತ್ತಾಗಲಿಲ್ಲ. ಅತ್ತೆಯನ್ನು ಕೂರಿಸಿಕೊಂಡು ಕೇಳಿ: ಸಣ್ಣವರಿದ್ದಾಗ ಜೋಳ ಎಲ್ಲಿ ಇಡುತ್ತಿದ್ದರು ಅಂತ.

ಸರ್ಪದ ಮಾತು, ನಿಧಿ ಕಾಯುವ ಭೂತದ ಮಾತು ಎರಡಕ್ಕೂ ಈ ಹಗೇವೇ ಉತ್ತರ ಕೊಡುತ್ತದೆ. ಟೊಳ್ಳು ಇದ್ದಲ್ಲಿ ಇಲಿ ಸೇರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಭೂತದ್ದು ಇನ್ನೂ ಅಪಾಯದ ವಿಷಯ, ಗಮನವಿಟ್ಟು ಓದಿ. ಮುಚ್ಚಿದ ಹಗೇವಿನಲ್ಲಿ ಕಾಳು, ಹುಲ್ಲು, ಕೊಳೆತದ್ದು ಏನಿದ್ದರೂ ಒಳಗಿನ ಆಮ್ಲಜನಕ ಹೀರಿಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಾಯಿ ತೆರೆದ ಕೂಡಲೇ ಇಳಿದವರು ಕೆಲವೇ ಕ್ಷಣದಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾರೆ. ಅವರನ್ನು ಎತ್ತಲು ಇಳಿದ ಎರಡನೆಯವರೂ ಬೀಳುತ್ತಾರೆ. ಹೊರಗೆ ನಿಂತವರಿಗೆ ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ ಕಾಣುತ್ತದೆ. ಹಿಂದಿನವರಿಗೆ ಇದು ಗೊತ್ತಿತ್ತು. ಹಗೇವು ತೆರೆದು ಗಾಳಿಯಾಡಲು ಬಿಡುತ್ತಿದ್ದರು, ದೀಪ ಇಳಿಬಿಟ್ಟು ಆರಿತೋ ಇಲ್ಲವೋ ನೋಡುತ್ತಿದ್ದರು. ದೀಪ ಆರದಿದ್ದರೂ ಅಪಾಯ ಇರಬಹುದು, ಅದೊಂದನ್ನೇ ನಂಬಬೇಡಿ. ಯಾರೂ ಇಳಿಯಕೂಡದು, ಅಷ್ಟೇ.

ನೀವೇ ಅಗೆದು ನೋಡಬಹುದಾ ಅಂತ ಕೇಳಿದಿರಿ. ಮನೆಯೊಳಗೆ ಅಗೆಯಬೇಡಿ. ಮಾಳಿಗೆ ಮನೆಯ ಮೇಲೆ ಎಷ್ಟು ಮಣ್ಣಿನ ಭಾರ ಇದೆ ಅಂತ ನಿಮಗೇ ಗೊತ್ತು. ಆ ಭಾರ ಕಂಬದ ಮೇಲೆ, ಮಣ್ಣಿನ ಗೋಡೆಯ ಮೇಲೆ ನಿಂತಿದೆ, ಗೋಡೆಗೆ ಆಳದ ಪಾಯ ಇರುವುದಿಲ್ಲ. ಮೂಲೆಯಲ್ಲಿ ಆಳುದ್ದ ಗುಂಡಿ ತೋಡಿದರೆ ಗೋಡೆ ಒಳಕ್ಕೆ ಜಾರುತ್ತದೆ. ಹಾಗಂತ ಆ ಟೊಳ್ಳನ್ನು ಹಾಗೇ ಬಿಡುವುದೂ ಒಳ್ಳೆಯದಲ್ಲ, ಮಳೆಗಾಲದಲ್ಲಿ ನೆಲ ಕುಸಿಯಬಹುದು. ಬೇಸಿಗೆಯಲ್ಲಿ, ಹಗಲಿನಲ್ಲಿ, ಹಳೆ ಮನೆ ಕೆಲಸ ಗೊತ್ತಿರುವ ಗೌಂಡಿಯನ್ನು ಕರೆಸಿ ಚಪ್ಪಡಿ ಸರಿಸಿ, ಒಳಗೆ ಇಳಿಯದೇ ಮೇಲಿಂದಲೇ ಗರಸು ಸುರಿದು ದಮ್ಮಸು ಹಾಕಿಸಿ. ಅಕ್ಕಪಕ್ಕದ ಇಬ್ಬರು ಹಿರಿಯರು ಎದುರಿಗಿರಲಿ. ಎಲ್ಲರೆದುರು ಟಾರ್ಚ್ ಬಿಟ್ಟು ನೋಡಿದರೆ ಏಳು ಕೊಪ್ಪರಿಗೆಯ ಮಾತು ಊರಿನಲ್ಲೂ ಮುಗಿಯುತ್ತದೆ. ನಿಮ್ಮ ಮನೆ ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕದ ಹತ್ತಿರ ಇದ್ದರೆ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ. ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ ಇದೆ, ಅದರಾಚೆಯ 200 ಮೀಟರ್‌ನಲ್ಲೂ ಅನುಮತಿ ಬೇಕು.

ಮೈದುನ ಲೋಹ ಹುಡುಕುವ ಯಂತ್ರ ತರಿಸುವ ಮಾತಾಡಿದರೆ ಅದಕ್ಕೂ ದುಡ್ಡು ಹಾಕಬೇಡಿ. ಸಾಧಾರಣ ಯಂತ್ರ ಒಂದು ನಾಣ್ಯವನ್ನು ಗೇಣುದ್ದದ ಆಳದಲ್ಲಿ ಹಿಡಿದರೆ ಹೆಚ್ಚು. ಮೊಳೆ, ಕುಡುಗೋಲಿನ ತುಂಡು, ಎತ್ತಿನ ಲಾಳ ಎಲ್ಲದಕ್ಕೂ ಅದು ಕೂಗುತ್ತದೆ. ಕಬ್ಬಿಣದ ಅಂಶ ಇರುವ ಮಣ್ಣಿನಲ್ಲಿ ಸುಮ್ನೆ ಕೂಗುತ್ತದೆ.

ಇನ್ನು ನಿಮ್ಮ ಮನೆಗೆ ಬಂದವರು. ಅವರು ಯಾರು ಅಂತ ನನಗೆ ಗೊತ್ತಿಲ್ಲ, ಆದರೆ ಅವರ ದಾರಿ ಗೊತ್ತು. ಈ ಕಥೆಯನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಹೆಚ್ಚುಕಮ್ಮಿ ಒಂದೇ ಥರ ನಡೆಯುತ್ತದೆ. ಮನೆಯವರ ಬಾಯಿಂದಲೇ ಅಜ್ಜನ ಕಥೆ, ಟೊಳ್ಳು ಸದ್ದು, ಮಗ ಹುಟ್ಟಿದ ಬಗೆ ಎಲ್ಲ ತಿಳಿದುಕೊಳ್ಳುತ್ತಾರೆ. ಅಂಜನದಲ್ಲಿ ಅದನ್ನೇ ತಿರುಗಿಸಿ ಹೇಳುತ್ತಾರೆ. ಎಣ್ಣೆ-ಕಾಡಿಗೆ ಬಳಿದ ಕಪ್ಪು ಮೈಯನ್ನು ಮಂದ ಬೆಳಕಿನಲ್ಲಿ ಬಹಳ ಹೊತ್ತು ದಿಟ್ಟಿಸಿದರೆ ಯಾರಿಗಾದರೂ ಏನೋ ಒಂದು ಅಲುಗಿದಂತೆ ಕಾಣುತ್ತದೆ. 'ಕೊಪ್ಪರಿಗೆ ಕಾಣ್ತಾ?' ಅಂತ ಕೇಳಿದರೆ ಮಗು ಹೂಂ ಅನ್ನುತ್ತದೆ. ಮುಂಗಡ ಸಣ್ಣದಾಗಿ ಶುರುವಾಗುತ್ತದೆ. ಮೊದಲ ರಾತ್ರಿ ಏನೋ ಒಂದು ಸಿಗುತ್ತದೆ, ಒಂದು ತಾಮ್ರದ ತಂಬಿಗೆಯೋ, ಎರಡು ನಾಣ್ಯವೋ. ಅದನ್ನು ಅವರೇ ಮೊದಲು ಇಟ್ಟಿರುತ್ತಾರೆ. ಹೊಸ ತಾಮ್ರಕ್ಕೆ ಉಪ್ಪು-ಹುಳಿ ಸವರಿ ಹಸಿ ಮಣ್ಣಿನಲ್ಲಿ ಕೆಲವು ವಾರ ಹೂತರೆ ಹಸಿರು ಕಿಲುಬು ಹಿಡಿದು ಹಳೆಯದರಂತೆ ಆಗುತ್ತದೆ.

ನೆಲ ಅಗೆದು ಬದುಕುವ ನಮಗೆ ಇಂಥದ್ದು ಪಾತ್ರೆ ನೋಡುವ ಮೊದಲೇ ಗೊತ್ತಾಗುತ್ತದೆ, ಯಾಕೆಂದರೆ ನಾವು ನೋಡುವುದು ಗುಂಡಿಯ ಗೋಡೆಯನ್ನು. ಯಾರೂ ಮುಟ್ಟದ ಮಣ್ಣು ಪದರ ಪದರವಾಗಿ, ಗಟ್ಟಿಯಾಗಿ ಇರುತ್ತದೆ. ಇತ್ತೀಚೆಗೆ ತೋಡಿ ಮುಚ್ಚಿದ್ದರೆ ಆ ಪದರಗಳನ್ನು ಕತ್ತರಿಸಿಕೊಂಡು ಒಂದು ಪಟ್ಟಿ ಕೆಳಗಿಳಿದಿರುತ್ತದೆ, ಅಲ್ಲಿನ ಮಣ್ಣು ಸಡಿಲ, ಬಣ್ಣ ಕಲಸುಮೇಲೋಗರ. ಪಾತ್ರೆಗೆ ಅಂಟಿದ ಮಣ್ಣು ಬೆರಳಿನಲ್ಲಿ ಒರೆಸಿದರೆ ಉದುರುತ್ತದೆ. ನೂರಾರು ವರ್ಷ ನೆಲದಲ್ಲಿದ್ದ ಪಾತ್ರೆಯಲ್ಲಿ ಮಣ್ಣು ಕಲ್ಲಿನಂತೆ ಕೂತಿರುತ್ತದೆ. ರಾತ್ರಿಯೇ ಅಗೆಯಬೇಕು, ಟಾರ್ಚ್ ಹಾಕಬಾರದು, ಹೊರಗಿನವರು ಇರಬಾರದು ಅನ್ನುವುದು ಇದಕ್ಕೇ.

ಆ ಎರಡು ನಾಣ್ಯ ಕಂಡ ಮೇಲೆ ಮನೆಯವರು ಹೊಲ ಅಡವಿಟ್ಟಾದರೂ ಹಣ ತರುತ್ತಾರೆ. ಆಮೇಲೆ 'ಸರ್ಪ ಒಪ್ಪುತ್ತಿಲ್ಲ, ಇನ್ನೊಂದು ಪೂಜೆ' ಅಂತ ಬರುತ್ತದೆ. ಕೊನೆಗೆ 'ಮನೆಯಲ್ಲಿ ಮೈಲಿಗೆ ಆಯಿತು, ನಿಧಿ ಜರುಗಿತು' ಅಂತ ಹೊರಟುಬಿಡುತ್ತಾರೆ. ಆ ಮೈಲಿಗೆಯ ತಪ್ಪು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ತಲೆಗೆ ಬರುತ್ತದೆ, ನಿಮಗೆ ಇದನ್ನು ಮೊದಲೇ ಹೇಳಿಡುತ್ತೇನೆ. ದುಡ್ಡು ವಾಪಸ್ ಕೇಳಿದರೆ 'ನೀವು ಕಳ್ಳತನದಿಂದ ಅಗೆದಿದ್ದೀರಿ, ಪೊಲೀಸರಿಗೆ ಹೇಳಲಾ?' ಅನ್ನುತ್ತಾರೆ. ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಅವರು ಮುಂದಿನ ಊರಿಗೆ ಹೋಗುತ್ತಾರೆ. ಇದರ ಇನ್ನೊಂದು ರೂಪವೂ ಇದೆ. 'ಪಾಯ ತೋಡುವಾಗ ಬಂಗಾರದ ನಾಣ್ಯ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ' ಅಂತ ಮೊದಲು ಒಂದೆರಡು ಅಸಲಿ ಕೊಟ್ಟು, ಆಮೇಲೆ ಚೀಲ ತುಂಬ ಹಿತ್ತಾಳೆ ಕೊಡುವುದು. ಮೈದುನನಿಗೆ ಅಂಥ ಫೋನ್ ಬಂದರೂ ಎಚ್ಚರ.

ನಿಧಿಯ ಆಸೆ ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ದೂರ ಹೋಗುವುದೇ ಬೇಡ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ರಾತ್ರೋರಾತ್ರಿ ಕೆಡವಿದರು. ಕೃಷ್ಣದೇವರಾಯನ ಗುರುಗಳಾಗಿದ್ದ, 1539ರಲ್ಲಿ ತೀರಿಕೊಂಡ ಒಬ್ಬ ಸನ್ಯಾಸಿಯ ಸಮಾಧಿ ಅದು. ಸನ್ಯಾಸಿಯ ಬಳಿ ಏನು ಬಂಗಾರ ಇದ್ದೀತು? ಕೆಡವಿದವರು ಸಿಕ್ಕಿಬಿದ್ದರು, ಭಕ್ತರು ಕಲ್ಲುಗಳನ್ನು ಮತ್ತೆ ಜೋಡಿಸಿದರು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ನೂರಾರು ಕಲ್ಲುಮನೆಗಳಿವೆ, ಮೋರೇರ ಮನೆ ಅನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕಬ್ಬಿಣದ ಯುಗದ ಸಮಾಧಿಗಳು. ಇಂಥ ಸಮಾಧಿಗಳಲ್ಲಿ ಇಡುತ್ತಿದ್ದದ್ದು ಎಲುಬು, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಹತಾರ. ಅಲ್ಲೂ ನೆಲ ಬಗೆದು ಚಪ್ಪಡಿ ಉರುಳಿಸಿದ್ದಾರೆ. ಒಮ್ಮೆ ಬಗೆದ ಮೇಲೆ ಯಾವ ಮಡಕೆ ಯಾರ ಪಕ್ಕ ಇತ್ತು ಅನ್ನುವುದು ಯಾವತ್ತಿಗೂ ತಿಳಿಯುವುದಿಲ್ಲ.

ಸಿಕ್ಕರೆ ಯಾರದು? ಮುಂದೆ ಯಾವತ್ತಾದರೂ ಪಾಯ ತೋಡುವಾಗಲೋ ಹೊಲ ಉಳುವಾಗಲೋ ನಿಜವಾಗಿ ಏನಾದರೂ ಸಿಕ್ಕೀತು, ಅದಕ್ಕಾಗಿ ಇದು ತಿಳಿದಿರಲಿ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಅಡಗಿದ ಬೆಲೆಬಾಳುವ ಏನೇ ಸಿಕ್ಕರೂ ಬರವಣಿಗೆಯಲ್ಲಿ ಜಿಲ್ಲಾಧಿಕಾರಿಗೆ ತಿಳಿಸಬೇಕು, ವಸ್ತುವನ್ನು ಸರ್ಕಾರಿ ಖಜಾನೆಗೆ ಒಪ್ಪಿಸಬೇಕು. ಮುಚ್ಚಿಡುವುದು ಅಪರಾಧ. ನಿಮ್ಮ ಪಾಲು ಎಷ್ಟು ಅನ್ನುವ ತೀರ್ಮಾನ ಅದರಡಿ ಜಿಲ್ಲಾಡಳಿತದಲ್ಲೇ ಆಗುತ್ತದೆ. ನಿಮ್ಮ ಅಜ್ಜನ ತಂಬಿಗೆಯಂಥದ್ದರ ಮೇಲೆ, ನಮ್ಮ ಮನೆಯವರೇ ಹೂತಿಟ್ಟದ್ದು ಅಂತ ಹಕ್ಕು ಹೇಳಬೇಕಾದರೆ ಅದನ್ನು ಸಾಬೀತು ಮಾಡಬೇಕಾಗುತ್ತದೆ. ಹಾಗಾಗಿ ಅತ್ತೆ ಹೇಳುವ ಕಥೆಯನ್ನು ದಿನಾಂಕ ಹಾಕಿ ಬರೆದಿಡಿ ಅಥವಾ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ನೂರು ವರ್ಷ ಮೀರಿದ ನಾಣ್ಯ, ಮೂರ್ತಿ ಆಗಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಸೇರುತ್ತದೆ. ಅದನ್ನು ಹೊರದೇಶಕ್ಕೆ ಸಾಗಿಸುವುದು ಅಪರಾಧ, ಲೈಸೆನ್ಸ್ ಇಲ್ಲದೆ ಅಂಥವುಗಳ ವ್ಯಾಪಾರ ಮಾಡುವುದೂ ಅಪರಾಧ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಅಗೆಯುವುದು ನಿಲ್ಲಿಸಿ, ವಸ್ತು ತೊಳೆಯಬೇಡಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ತಹಶೀಲ್ದಾರ್ ಕಚೇರಿಗೆ ಅಥವಾ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಕ್ಕಸಾಲಿಗರ ಹತ್ತಿರ ಒಯ್ಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವಿಜಯನಗರದ ಒಂದು ವರಾಹದಲ್ಲಿ ಇರುವುದು ಸುಮಾರು 3.4 ಗ್ರಾಂ ಬಂಗಾರ. ಕರಗಿಸಿದರೆ ಅಷ್ಟರ ಬೆಲೆ ಮಾತ್ರ ಉಳಿಯುತ್ತದೆ, ಮೇಲೆ ಕೇಸು.

ನಿಮ್ಮ ಕಲ್ಲನ್ನು ಇದ್ದಲ್ಲೇ ಇರಲು ಬಿಡಿ. ಸುಣ್ಣ ತೆಗೆಯಲು ಉಳಿ, ಮೊಳೆ, ಆಸಿಡ್ ಯಾವುದೂ ಬೇಡ. ಅಕ್ಷರ ಕಾಣಲಿ ಅಂತ ಎಣ್ಣೆ ಹಚ್ಚಬೇಡಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಅಡ್ಡಲಾಗಿ ಬಿದ್ದಾಗ, ನಾಲ್ಕೈದು ಫೋಟೋ ತೆಗೆದು ಕಳಿಸಿ, ಕಲ್ಲಿನ ಎರಡೂ ಪಕ್ಕ ಮತ್ತು ಹಿಂಭಾಗದ್ದೂ ಇರಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಶಾಸನ ಸಂಗ್ರಹಿಸಿ ಪ್ರಕಟಿಸಿದ್ದಾರೆ. ನಿಮ್ಮೂರಿನದು ಅದರಲ್ಲಿ ಬಂದಿದೆಯೋ ಇಲ್ಲವೋ ಅಂತ ನಾನು ನೋಡುತ್ತೇನೆ. ಬಂದಿರದೇ ಇದ್ದರೆ ಅಲ್ಲಿನವರು ಬಂದು ಕಾಗದದ ಮೇಲೆ ಅಚ್ಚು ತೆಗೆದುಕೊಳ್ಳಲು ನಿಮ್ಮ ಅನುಮತಿ ಕೇಳಬಹುದು. ದಯವಿಟ್ಟು ಕೊಡಿ. ಯಾವ ಗುಡಿಗೆ, ಯಾರು, ಯಾವ ವರ್ಷ ಭೂಮಿ ಬಿಟ್ಟರು ಅನ್ನುವುದು ಸುಣ್ಣದ ಕೆಳಗೇ ಇರುವ ಸಾಧ್ಯತೆ ಜಾಸ್ತಿ.

ಅತ್ತೆಯ ಭಯವನ್ನು ವಾದ ಮಾಡಿ ಓಡಿಸಲು ಹೋಗಬೇಡಿ. ಇಷ್ಟು ವರ್ಷ ಆ ಮನೆಯಲ್ಲೇ ಅವರು ಮಕ್ಕಳನ್ನು ಹೆತ್ತರು, ಮದುವೆ ಮಾಡಿದರು, ಮೊಮ್ಮಕ್ಕಳನ್ನು ಕಂಡರು. ತೆಗೆಯದೇ ಬಿಟ್ಟದ್ದರಿಂದ ಕೇಡು ಆಗುವುದಿದ್ದರೆ ಆಗಲೇ ಆಗಬೇಕಿತ್ತು ಅಂತ ಮೆತ್ತಗೆ ಹೇಳಿ. ಮನಸ್ಸಿಗೆ ಸಮಾಧಾನ ಬೇಕು ಅಂದರೆ ಮನೆದೇವರಿಗೆ ಅವರ ಕೈಯಿಂದಲೇ ಒಂದು ಕಾಯಿ ಒಡೆಸಿ.

ಕೊನೆಯದಾಗಿ 20,000. ಫೋನಿನಲ್ಲಿ ಕಳಿಸಿದ್ದು ಒಳ್ಳೆಯದೇ ಆಯಿತು, ಯಾರ ಖಾತೆಗೆ ಹೋಯಿತು ಅನ್ನುವ ದಾಖಲೆ ಇದೆ. ಅದರ ಸ್ಕ್ರೀನ್‌ಶಾಟ್, ಆ ಮನುಷ್ಯನ ನಂಬರ್, ಅವರ ವಾಟ್ಸಾಪ್ ಮಾತುಗಳು ಯಾವುದನ್ನೂ ಅಳಿಸಬೇಡಿ. ಮೈದುನನೇ ಜೊತೆಗೆ ಬಂದು ಠಾಣೆಯಲ್ಲಿ ದೂರು ಕೊಟ್ಟರೆ ಚೆನ್ನ. ನೀವು ಇನ್ನೂ ಏನೂ ಅಗೆದಿಲ್ಲ, ಏನನ್ನೂ ಮುಚ್ಚಿಟ್ಟಿಲ್ಲ, ಮೋಸ ಹೋದವರು ನೀವು. ಹೆದರಬೇಕಾದ ಕಾರಣ ಇಲ್ಲ ಅಂತ ಅವನಿಗೆ ಹೇಳಿ. ಹಣ ವಾಪಸ್ ಬರಬಹುದು, ಬರದೆಯೂ ಇರಬಹುದು. ಆದರೆ ಅಮಾವಾಸ್ಯೆಗೆ ಮುಂಚೆ ದೂರು ದಾಖಲಾದರೆ ಆ ಮನುಷ್ಯ ನಿಮ್ಮ ಹೊಸ್ತಿಲು ತುಳಿಯುವ ಧೈರ್ಯ ಮಾಡುವುದು ಕಷ್ಟ.